ಪ್ರಬಂಧ ಕೇಳಲಿಲ್ಲ, ಗೋಷ್ಠಿ ಕೇಳಿದೆವು

ಭೂಗೋಳ ಸಮ್ಮೇಳನಕ್ಕೆ ಪ್ರಬಂಧ ಕರೆಯುವುದು ಬೇಡ, ಗೋಷ್ಠಿಗಳ ಪ್ರಸ್ತಾವ ಕರೆಯೋಣ ಎಂದಾಗ ಪುಣೆಯ ನಮ್ಮ ಸಮಿತಿಯ ಒಂಬತ್ತು ಜನರಲ್ಲಿ ಏಳು ಜನ ಮುಖ ಸಿಂಡರಿಸಿದರು. ಹದಿನಾಲ್ಕು ಉಪವಿಷಯ ಹಾಕಿ ಬ್ರೋಷರ್ ಬಿಟ್ಟರೆ ಇನ್ನೂರು ಸಾರಾಂಶ ತಾವಾಗಿಯೇ ಬರುತ್ತವೆ ಎಂಬುದು ಅವರ ಲೆಕ್ಕ. ಬರುತ್ತವೆ, ಸುಳ್ಳಲ್ಲ. ಆದರೆ ಸಮ್ಮೇಳನದ ವಿಷಯವೇ ಸಹಯೋಗದ ಸಂಶೋಧನೆ. ಒಬ್ಬೊಬ್ಬರೇ ಕೂತು ಬರೆದ ಇನ್ನೂರು ಸಾರಾಂಶಗಳಲ್ಲಿ ಸಹಯೋಗವನ್ನು ಎಲ್ಲಿ ಹುಡುಕುವುದು? ಮೊದಲ ಸಲ ಸೋತೆವು. ಎರಡನೇ ಸಲ ಹನ್ನೆರಡು ಗೋಷ್ಠಿ ನಡೆದವು, ಒಂದು ಕೋಣೆಯೂ ಖಾಲಿ ಇರಲಿಲ್ಲ. ಆ ಏಳು ಜನರಲ್ಲಿ ಮೂವರು ಈಗ ನಮ್ಮ ಅರ್ಜಿ ನಮೂನೆ ಕೇಳುತ್ತಿದ್ದಾರೆ.

ಸೋತದ್ದು ಎಲ್ಲಿ ಎಂಬುದನ್ನು ಮೊದಲು ಹೇಳುತ್ತೇನೆ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ವಾರ್ಷಿಕ ಸಮ್ಮೇಳನದಲ್ಲಿ ಗೋಷ್ಠಿ ಮೊದಲು, ಪ್ರಬಂಧ ಆಮೇಲೆ. ಗೋಷ್ಠಿ ಕಟ್ಟುವವರೇ ವಿಷಯ ಬರೆದು, ತಮಗೆ ಬೇಕಾದ ಪ್ರಬಂಧಕಾರರನ್ನು ತಾವೇ ಕರೆದುಕೊಳ್ಳುತ್ತಾರೆ. ಅಂಥದೇ ಕರೆಯನ್ನು ಇಂಗ್ಲಿಷಿನಲ್ಲಿ ಹೊರಡಿಸಿದೆವು. ನಲವತ್ತರ ಹತ್ತಿರ ಉತ್ತರ ಬಂತು, ಗೋಷ್ಠಿ ಎನ್ನಬಹುದಾದದ್ದು ಐದು. ಬ್ರೋಷರ್ ಕೈಗೆ ಬಂದರೆ ನಮ್ಮವರು ಕೊನೆಯ ದಿನಾಂಕ, ಶುಲ್ಕ, ಪ್ರಮಾಣಪತ್ರ ಈ ಮೂರನ್ನೇ ಓದುತ್ತಾರೆ, ಮಿಕ್ಕದ್ದು ಅಲಂಕಾರ. ಐದರಲ್ಲಿ ನಾಲ್ಕರ ಸಹಯೋಗವೆಂದರೆ ಒಂದೇ ವಿಭಾಗದ ಇಬ್ಬರು ಮೇಷ್ಟ್ರು. ಐದನೆಯದು ಚೆನ್ನಾಗಿತ್ತು, ಆದರೆ ಅದರಲ್ಲಿ ಹೆಸರಿದ್ದ ಮೀನುಗಾರರ ಸಂಘಕ್ಕೆ ತಮ್ಮ ಹೆಸರು ಅಲ್ಲಿ ಇರುವುದೇ ಗೊತ್ತಿರಲಿಲ್ಲ. ಜೋಡಿ ಸೇರಲಿ ಎಂದು ಎಲ್ಲರೂ ತುಂಬಬಹುದಾದ ಗೂಗಲ್ ಶೀಟ್ ಕೂಡ ತೆರೆದಿದ್ದೆವು. ಅರವತ್ತು ಸಾಲು ತುಂಬಿತು, ಒಬ್ಬರೂ ಇನ್ನೊಬ್ಬರಿಗೆ ಬರೆಯಲಿಲ್ಲ. ಸಂತೆಗೆ ಬಂದವರೆಲ್ಲ ಮಾರುವವರೇ, ಕೊಳ್ಳುವವರಿಲ್ಲ.

ಎರಡನೇ ಸಲ ಕರೆಯನ್ನು ಮೂರು ಮೆಟ್ಟಿಲಾಗಿ ಮುರಿದೆವು. ಮೊದಲು ಅರ್ಧ ಪುಟದ ಇಂಗಿತ ಪತ್ರ, ಅದರಲ್ಲಿ ಮೂರೇ ಪ್ರಶ್ನೆ. ಯಾವ ಊರು, ಯಾವ ನದಿ, ಯಾವ ರಸ್ತೆ? ಅಲ್ಲಿ ನಿಮ್ಮ ಜೊತೆ ಕೆಲಸ ಮಾಡುವ, ಕಾಲೇಜಿನ ಸಂಬಳ ಇಲ್ಲದ ಒಬ್ಬರ ಹೆಸರು ಮತ್ತು ಫೋನ್ ನಂಬರ್ ಏನು? ಮೂರನೆಯದನ್ನು ಇಲ್ಲಿ ಬರೆಯುವುದಿಲ್ಲ. ಅರ್ಧ ಜಳ್ಳು ಹಾರುವುದು ಆ ಪ್ರಶ್ನೆಯಲ್ಲೇ, ಬಹಿರಂಗವಾದರೆ ಜನ ಉತ್ತರ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಎರಡನೇ ಮೆಟ್ಟಿಲು ಫೋನ್. ಮೇಷ್ಟ್ರು, ಅವರು ಹೆಸರಿಸಿದವರು, ನಮ್ಮಲ್ಲೊಬ್ಬರು, ಮೂವರೂ ಒಂದೇ ಕರೆಯಲ್ಲಿ ಇಪ್ಪತ್ತು ನಿಮಿಷ. ಮೊದಲ ಹತ್ತು ನಿಮಿಷ ಊರಿನವರದು, ಮೇಷ್ಟ್ರು ಬಾಯಿ ತೆರೆಯುವಂತಿಲ್ಲ. ಇದಾದ ಮೇಲಷ್ಟೇ ಪೂರ್ಣ ಪ್ರಸ್ತಾವ: 250 ಪದ, ಸಣ್ಣ ಖರ್ಚಿನ ಅಂದಾಜು, ಇಬ್ಬರ ರುಜು. ಇಂಗಿತ ಪತ್ರ 31 ಬಂದವು, ಪೂರ್ಣ ಪ್ರಸ್ತಾವ 19. ಒಪ್ಪಿದ್ದು 14, ನಡೆದದ್ದು 12.

ಫೋನ್ ಕರೆಯ ಮೆಟ್ಟಿಲನ್ನು ಬಿಡಬೇಡಿ, ಬೇಕಾದರೆ ಬೇರೆ ಏನನ್ನಾದರೂ ಬಿಡಿ. ಭೀಮಾ ನದಿಯ ಬಗ್ಗೆ ಬಂದ ಪತ್ರದಲ್ಲಿ ಶೀರ್ಷಿಕೆ 'ಹರಿವಿನ ಋತುಮಾನ ಏರಿಳಿತ' ಎಂದಿತ್ತು. ಅಫಜಲಪುರದ ಕಡೆಯ ಸಹಪ್ರಸ್ತಾವಕರು, ಎಂದರೆ ಮೇಷ್ಟ್ರು ಹೆಸರಿಸಿದ ಊರಿನವರು, ಫೋನಿನಲ್ಲಿ ಹೇಳಿದ್ದು ಇಷ್ಟು: ಉಜನಿ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು ಎಂಬುದು ಟಿವಿಯಲ್ಲಿ ಬರುತ್ತದೆ, ನಮ್ಮ ದಂಡೆಗೆ ಎಷ್ಟು ಗಂಟೆಗೆ ಮುಟ್ಟುತ್ತದೆ ಎಂಬುದು ಬರುವುದಿಲ್ಲ, ಪಂಪ್‌ಸೆಟ್ ಎತ್ತಿ ಮೇಲಿಡಲು ನಮಗೆ ಬೇಕಿರುವುದು ಆ ಗಂಟೆ. ಗೋಷ್ಠಿಯ ಶೀರ್ಷಿಕೆ ಅಲ್ಲೇ ಬದಲಾಯಿತು. ಆ ಗೋಷ್ಠಿಗೆ ಸೊಲ್ಲಾಪುರ ಜಿಲ್ಲೆಯಿಂದಲೂ ಕಲಬುರಗಿಯಿಂದಲೂ ಜನ ಬಂದರು. ಹಳೆಯ ಶೀರ್ಷಿಕೆಗೆ ಬರುತ್ತಿದ್ದವರು ಪ್ರಮಾಣಪತ್ರದವರು ಮಾತ್ರ. ಮೇಷ್ಟ್ರು ಹತ್ತು ನಿಮಿಷ ಸುಮ್ಮನಿರಲಾರದ ಕರೆಗಳು ಐದಾರು ಇದ್ದವು. ಅವುಗಳಲ್ಲಿ ಒಂದೂ ಗೋಷ್ಠಿಯಾಗಲಿಲ್ಲ, ನಾವು ತಿರಸ್ಕರಿಸಬೇಕಾಗಿಯೂ ಬರಲಿಲ್ಲ.

ಇನ್ನು ತಿಂಗಳುಗಳ ಲೆಕ್ಕ. ಶೈಕ್ಷಣಿಕ ಕ್ಯಾಲೆಂಡರ್ ಒಂದನ್ನೇ ಮುಂದಿಟ್ಟುಕೊಂಡು ಕರೆ ಹೊರಡಿಸಿದರೆ ಅರ್ಧ ಜನ ಮೊದಲೇ ತಪ್ಪಿಹೋಗುತ್ತಾರೆ. ಪಶ್ಚಿಮ ಕರಾವಳಿಯ ಹೆಚ್ಚಿನ ಕಡೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಮೀನುಗಾರರು ಫೋನಿಗೆ ಸಿಗುವ, ಕೂತು ಮಾತಾಡುವ ಕಾಲ ಅದೇ. ರೈತರಿಗೆ ಅದೇ ಬಿತ್ತನೆಯ ಕಾಲ, ಅವರನ್ನು ಆಗಸ್ಟ್ ನಡುವಿನ ನಂತರ ಹಿಡಿಯಬೇಕು. ಆದ್ದರಿಂದ ಇಂಗಿತ ಪತ್ರಕ್ಕೆ ಎರಡು ಗಡುವು ಇಟ್ಟೆವು: ಕರಾವಳಿಯವರಿಗೆ ಜುಲೈ 20, ಒಳನಾಡಿನವರಿಗೆ ಸೆಪ್ಟೆಂಬರ್ 10. ಸಮ್ಮೇಳನ ಜನವರಿಯಲ್ಲಿ. ಆಗ ಕಬ್ಬು ನುರಿಸುವ ಹಂಗಾಮು ಜೋರಾಗಿರುತ್ತದೆ, ಕಡಿಯುವವರು ಬರಲಾರರು ಎಂದು ಗೊತ್ತಿದ್ದೂ ಒಂದು ಗೋಷ್ಠಿ ಒಪ್ಪಿದೆವು. ಬಿದ್ದುಹೋದ ಎರಡರಲ್ಲಿ ಅದೊಂದು.

ಗೋವಾದ ಖಜಾನ ಗದ್ದೆ, ನಮ್ಮ ಅಘನಾಶಿನಿಯ ಗಜನಿ, ಕೇರಳದ ಪೊಕ್ಕಾಳಿ ಮೂರನ್ನೂ ಒಂದೇ ಮೇಜಿಗೆ ತರುವ ಗೋಷ್ಠಿ ನಮ್ಮ ಹೆಮ್ಮೆಯದು. ಮೂರು ಕಡೆಯೂ ಉಪ್ಪುನೀರಿಗೆ ಕಟ್ಟೆ, ತೂಬು, ಉಪ್ಪು ತಾಳುವ ಭತ್ತ, ಕೊಯ್ಲಾದ ಮೇಲೆ ಸಿಗಡಿ. ಮೂರು ಭಾಷೆಯಾದರೂ ಕಟ್ಟೆ ಒಡೆಯುವ ಕಾರಣ ಒಂದೇ. ಆದರೆ ಮೊದಲು ಗೊತ್ತುಮಾಡಿದ ದಿನ ಹುಣ್ಣಿಮೆಯ ಮರುದಿನ ಬಿತ್ತು. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಉಬ್ಬರ ದೊಡ್ಡದು, ತೂಬಿನ ಬಲೆಗೆ ಸಿಗಡಿ ಬೀಳುವುದು ಆಗಲೇ. ಆ ನಾಲ್ಕು ದಿನ ತೂಬು ಬಿಟ್ಟು ಯಾರೂ ಪುಣೆಗೆ ಬರುವುದಿಲ್ಲ. ಅಷ್ಟಮಿಯ ಆಸುಪಾಸಿಗೆ ದಿನ ಬದಲಿಸಿದೆವು. ಪಂಚಾಂಗ ತೆರೆದದ್ದು ಕಂಡು ಸಮಿತಿಯವರು ಮುಹೂರ್ತ ನೋಡುತ್ತಿದ್ದೇವೆ ಎಂದುಕೊಂಡರು.

ಕರೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಹೋಯಿತು. ಒಂದರಿಂದ ಒಂದಕ್ಕೆ ಅನುವಾದ ಮಾಡಿಸಬೇಡಿ, ಬೇರೆಬೇರೆಯಾಗಿಯೇ ಬರೆಸಿ. ನಮ್ಮ ಮೊದಲ ಮರಾಠಿ ಕರಡಿನಲ್ಲಿ 'ಗೋಷ್ಠಿ'ಯನ್ನು ಹಾಗೇ ಉಳಿಸಿದ್ದರು. ಮರಾಠಿಯಲ್ಲಿ ಗೋಷ್ಟಿ ಎಂದರೆ ಕತೆಗಳು, ಒಬ್ಬರು ನದಿಯ ಕತೆ ಬರೆದೇ ಕಳಿಸಿದರು. ಅಲ್ಲಿ ಬೇಕಾದ ಮಾತು 'ಸತ್ರ'. ಇನ್ನೊಂದು ಕರಡಿನಲ್ಲಿ 'ಸಹಕಾರಿ ಸಂಶೋಧನೆ' ಎಂದು ಬರೆದದ್ದಕ್ಕೆ ಸಹಕಾರಿ ಸಕ್ಕರೆ ಕಾರ್ಖಾನೆಗಳ ಬಗ್ಗೆ ಮೂರು ಸಾರಾಂಶ ಬಂದವು. ಪಶ್ಚಿಮ ಮಹಾರಾಷ್ಟ್ರದಲ್ಲಿ ಆ ಪದಕ್ಕೆ ಬೇರೆ ಅರ್ಥವೇ ಇಲ್ಲ. ಎರಡೂ ಭಾಷೆ ಸಲೀಸಾಗಿ ಬರುವವರು ಬೇಕೆಂದರೆ ಪುಣೆಯ ಅನುವಾದಕರನ್ನು ಹುಡುಕಬೇಡಿ. ಅಕ್ಕಲಕೋಟೆ, ಜತ್ತ ಕಡೆಯ ಎಂ.ಎ. ವಿದ್ಯಾರ್ಥಿಗಳನ್ನು ಹಿಡಿಯಿರಿ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡಿ ಬೆಳೆದವರು.

ಅರ್ಜಿ ಸೇರಿಸಿಕೊಳ್ಳುವಲ್ಲಿಯೂ ಸಣ್ಣ ಕಾಟಗಳಿವೆ. ಗೂಗಲ್ ಫಾರ್ಮಿನಲ್ಲಿ ಫೈಲ್ ಸೇರಿಸುವ ಪ್ರಶ್ನೆ ಇಟ್ಟರೆ ಲಾಗಿನ್ ಕೇಳುತ್ತದೆ, ಅಲ್ಲಿಗೆ ಅರ್ಧ ಜನ ನಿಲ್ಲುತ್ತಾರೆ. ಅದನ್ನು ತೆಗೆದು ವಾಟ್ಸಾಪಿನಲ್ಲಿ ಮೂರು ನಿಮಿಷದ ಧ್ವನಿ ಕಳಿಸಿದರೂ ಸಾಕು ಎಂದೆವು. ವಿದ್ಯಾರ್ಥಿ ಅದನ್ನು ಬರೆದಿಳಿಸಿ, ಫೋನಿನಲ್ಲಿ ಓದಿ ಹೇಳಿ, ಹೌದೆಂದ ಮೇಲೆಯೇ ದಾಖಲು. ಕನ್ನಡ ಅರ್ಜಿಗಳಲ್ಲಿ ನಾಲ್ಕು ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಬಂದವು, ಪರಿವರ್ತಿಸಿದರೆ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತದೆ. ಯೂನಿಕೋಡ್ ಬೇಕೆಂದು ಕರೆಯಲ್ಲೇ ದಪ್ಪಕ್ಷರದಲ್ಲಿ ಹಾಕಿ. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ ಐನೂರಕ್ಕಿಂತ ಹೆಚ್ಚು ಜನರಿಗೆ ಕಳಿಸಲಾಗದು, ಗುಂಪಾಗಿ ಕಳಿಸಿದ್ದು ಸ್ಪ್ಯಾಮಿಗೆ ಬೀಳುವುದೂ ಉಂಟು. ನಾವು ದಿನಕ್ಕೆ ಇಪ್ಪತ್ತರಂತೆ ಹೆಸರು ಹಾಕಿ ಬರೆದೆವು. ಯಾರಿಗೆ ಮೊದಲು ಬರೆಯುವುದು ಎಂಬ ಪಟ್ಟಿ ಕಟ್ಟುವ ಬಗೆ ನಮ್ಮಲ್ಲೇ ಇರಲಿ.

ವೇಳೆ ಹಂಚುವಾಗ ಎಲ್ಲರೂ ಎಡವುವುದು ದುಭಾಷಿಯ ಲೆಕ್ಕದಲ್ಲಿ. 90 ನಿಮಿಷಕ್ಕೆ 15 ನಿಮಿಷದ ನಾಲ್ಕು ಮಂಡನೆ, 30 ನಿಮಿಷ ಚರ್ಚೆ ಎಂಬುದು ಒಂದೇ ಭಾಷೆಯ ಲೆಕ್ಕ. ಒಬ್ಬರು ಹೇಳಿ ಇನ್ನೊಬ್ಬರು ಅನುವಾದಿಸುವಾಗ 12 ನಿಮಿಷದ ಮಾತು 24 ಆಗುತ್ತದೆ. ಎರಡೇ ಮಂಡನೆ ಇಡಿ, ಉಳಿದ ನಲವತ್ತು ನಿಮಿಷ ಚರ್ಚೆಗೆ. ಮೂರು ಕೋಣೆ, ದಿನಕ್ಕೆ ನಾಲ್ಕು ಅವಧಿ, ಎರಡು ದಿನ: ಒಟ್ಟು 24 ಅವಧಿ. ಹನ್ನೆರಡು ಗೋಷ್ಠಿಗಳಲ್ಲಿ ನಾಲ್ಕಕ್ಕೆ ಎರಡೆರಡು ಅವಧಿ ಬೇಕಾಯಿತು, ಹದಿನಾರು ಹೋದವು. ಉಳಿದ ಎಂಟನ್ನು ಒಂಟಿ ಪ್ರಬಂಧಗಳಿಗೆ ಬಿಟ್ಟುಕೊಟ್ಟೆವು. ತತ್ವಕ್ಕೆ ಇದು ಒಗ್ಗದು, ಆದರೆ ಖಜಾಂಚಿಗೆ ಒಗ್ಗುತ್ತದೆ.

ಯಾಕೆಂದರೆ ಹಣ ಬರುವುದು ಅಲ್ಲಿಂದಲೇ. ಅಧ್ಯಾಪಕರಿಗೆ ₹1,500, ಸಂಶೋಧನಾ ವಿದ್ಯಾರ್ಥಿಗಳಿಗೆ ₹700, ಊರಿನ ಸಹಪ್ರಸ್ತಾವಕರಿಗೆ ಶುಲ್ಕವಿಲ್ಲ. ಶುಲ್ಕದಿಂದ ಒಂದೂವರೆ ಲಕ್ಷದ ಹತ್ತಿರ ಬಂತು, ಕಾಲೇಜು ಮತ್ತು ಪ್ರಾಯೋಜಕರಿಂದ ಇನ್ನೊಂದು ಲಕ್ಷದಷ್ಟು. ಊಟ, ಚಹಾಕ್ಕೆ ತೊಂಬತ್ತು ಸಾವಿರ. ಇಪ್ಪತ್ತಾರು ಸಹಪ್ರಸ್ತಾವಕರ ಪ್ರಯಾಣಕ್ಕೆ ನಲವತ್ತೆಂಟು ಸಾವಿರದ ಸುಮಾರು, ಗೌರವಧನ ತಲಾ ₹1,500. ವಸತಿ ಕಾಲೇಜಿನ ಹಾಸ್ಟೆಲಿನಲ್ಲಿ. ಪ್ರಯಾಣದ ಹಣ ಎಲ್ಲಿಂದ ಎದ್ದಿತು ಎಂದರೆ ಚೀಲ, ಶಾಲು, ಹಾರ, ಅಚ್ಚಾದ ಸ್ಮರಣ ಸಂಪುಟ ಇವನ್ನು ಕತ್ತರಿಸಿ. ಚೀಲ ಒಂದಕ್ಕೇ ₹180 ಹೇಳಿದ್ದರು.

ಪ್ರಯಾಣದ ಹಣವನ್ನು ಟಿಕೆಟ್ ತೋರಿಸಿದ ಮೇಲೆ ಕೊಡುತ್ತೇವೆ ಎಂದರೆ ಕೆಟ್ಟಿರಿ. ಬಸ್ಸಿನ ಯಂತ್ರದ ಟಿಕೆಟ್ ಬೆವರಿನ ಜೇಬಿನಲ್ಲಿ ಎರಡು ದಿನಕ್ಕೆ ಮಾಸುತ್ತದೆ, ಲೆಕ್ಕಪತ್ರದವರು ಬಿಳಿ ಚೀಟಿ ಒಪ್ಪುವುದಿಲ್ಲ. ಜೊತೆಗೆ ಪ್ಯಾನ್ ಕೇಳುತ್ತಾರೆ, ಪಾಸ್‌ಬುಕ್ ನಕಲು ಕೇಳುತ್ತಾರೆ, ಹಣ ಮಾರ್ಚ್ ಕೊನೆಗೆ ಸೇರುತ್ತದೆ. ಮೊದಲ ವರ್ಷ ಹೀಗಾಗಿ ಇಬ್ಬರು ಮತ್ತೆ ನಮ್ಮ ಫೋನೇ ಎತ್ತಲಿಲ್ಲ. ಎರಡನೇ ಸಲ ದೂರಕ್ಕೆ ತಕ್ಕ ಇಡಿಗಂಟನ್ನು ಸಮಿತಿಯ ಠರಾವಿನಲ್ಲೇ ಬರೆಸಿದೆವು: 100 ಕಿ.ಮೀ. ಒಳಗೆ ₹500, 300ರ ಒಳಗೆ ₹1,200, ಅದಕ್ಕೂ ಮೇಲೆ ₹2,500. ಬೆಳಗಾವಿ, ಕಲಬುರಗಿ, ಪಣಜಿ, ಕುಮಟಾ ಎಲ್ಲ ಮೂರನೆಯದರಲ್ಲಿ ಬರುತ್ತವೆ. ಬಂದ ದಿನವೇ ಕೈಗೆ ನಗದು, ರಸೀದಿಗೆ ಸಹಿ. ಠರಾವು ಮೊದಲೇ ಆಗಿರಬೇಕು, ಆಮೇಲೆ ಮಾಡಿಸಿದರೆ ಆಕ್ಷೇಪಣೆ ಬರುತ್ತದೆ.

ಪ್ರಸ್ತಾವ ತೂಗುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಸರು ಮುಚ್ಚಿ ಓದುವುದು ಇಲ್ಲಿ ನಾಟಕ, ಊರಿನ ಹೆಸರು ಕಂಡರೆ ಯಾರದ್ದೆಂದು ಎಲ್ಲರಿಗೂ ಗೊತ್ತು. ಮೂವರು ಓದಿದರು, ಅವರಲ್ಲೊಬ್ಬರು ನಿವೃತ್ತ ಸರ್ವೆಯರ್. ಅತಿ ಕಡಿಮೆ ಅಂಕ ಕೊಟ್ಟವರೂ ಅವರೇ, ಸರಿಯಾಗಿ ಕೊಟ್ಟವರೂ ಅವರೇ.

ಪಕ್ಕದಲ್ಲಿ ಎರಡು ಪ್ರಯೋಗ ಮಾಡಿದೆವು. ಒಂದು, ನಕ್ಷೆಯ ಮೇಜು. ಮಂಡನೆಯೇ ಇಲ್ಲದ ಗೋಷ್ಠಿ, ನಡುವೆ ಎ-ಝೀರೋ ಎಂಬ ದೊಡ್ಡ ಅಳತೆಯ ಹಾಳೆಯಲ್ಲಿ ಊರಿನ ನಕ್ಷೆ. 1:4,000 ಅಳತೆಗೆ ಹಾಳೆಯ ಮೇಲೆ ಸುಮಾರು 3.4 ಕಿ.ಮೀ. ಅಗಲ, 4.8 ಕಿ.ಮೀ. ಉದ್ದ ಕೂರುತ್ತದೆ, ಒಂದು ಊರಿಗೆ ಬೇಕಾದಷ್ಟು. ಮೊದಲು ಜಮೀನಿನ ಗಡಿ ಸಮೇತ ಮುದ್ರಿಸಿದೆವು. ಕರ್ನಾಟಕದವರು ಸರ್ವೆ ನಂಬರ್ ಅನ್ನುವರು, ಮಹಾರಾಷ್ಟ್ರದವರು ಗಟ್ ನಂಬರ್ ಅನ್ನುವರು, ಅದು ಹೇಗೋ ಸರಿಹೋಗುತ್ತಿತ್ತು. ಆದರೆ ಹಳೆಯ ಗ್ರಾಮನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದಾಗ ಗೆರೆಗಳು ಮೂವತ್ತು ಮೀಟರಿನಷ್ಟು ಸರಿದಿದ್ದವು, ಹತ್ತೇ ನಿಮಿಷದಲ್ಲಿ ಬದುವಿನ ಜಗಳ ಮೇಜಿನ ಮೇಲೇ ಎದ್ದಿತು. ಈಗ ಗಡಿ ತೆಗೆದು ಹಳ್ಳ, ಬಾವಿ, ದಾರಿ, ಗುಡಿ, ದೊಡ್ಡ ಮರ ಮಾತ್ರ ಇಡುತ್ತೇವೆ. ಫ್ಲೆಕ್ಸ್ ಮೇಲೆ ಮುದ್ರಿಸಬೇಡಿ, ಪೆನ್ಸಿಲ್ ಹತ್ತುವುದಿಲ್ಲ, ಮಾರ್ಕರ್ ಅಂಗೈಗೆ ಒರೆಸಿಹೋಗುತ್ತದೆ. ಎರಡು ಪ್ರತಿ ತೆಗೆಸಿ, ಒಂದು ಊರಿಗೆ ಹೋಗಲಿ.

ಎರಡನೆಯದು ನಡಿಗೆಯ ಗೋಷ್ಠಿ: ಮುಠಾ ನದಿಯ ದಂಡೆಯಲ್ಲಿ ಒಂದೂವರೆ ಕಿ.ಮೀ., 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು ಬಂದ ಪ್ರವಾಹದ ಜಾಡಿನಲ್ಲಿ, ಆ ದಿನ ಕಂಡ ಹಿರಿಯರ ಜೊತೆ. ಇಪ್ಪತ್ತು ಜನ ಮಿತಿ ಎಂದು ಹಾಕಿದ್ದೆವು, ಮೂವತ್ತೈದು ಬಂದರು, ಹಿಂದಿನವರಿಗೆ ಒಂದಕ್ಷರ ಕೇಳಿಸಲಿಲ್ಲ. ಕೈಮೈಕು ತಂದರೂ ಟ್ರಾಫಿಕ್ಕಿನ ಎದುರು ಸೋಲುತ್ತದೆ. ಬೆಳಗ್ಗೆ ಟ್ರಾಫಿಕ್ ಏರುವ ಮೊದಲೇ ಮುಗಿಯುವಂತೆ ಇಡಬೇಕು. ಹಿರಿಯರಿಗೆ ಪ್ರತಿ ಮುನ್ನೂರು ಮೀಟರಿಗೆ ಕೂರಲು ಜಾಗ ಮೊದಲೇ ನೋಡಿಟ್ಟಿರಬೇಕು, ಅದನ್ನು ಮರೆತಿದ್ದೆವು.

ಬಿದ್ದುಹೋದ ಇನ್ನೊಂದು ಗೋಷ್ಠಿ ಧನಗರ ಕುರಿಗಾರರದು. ದೀಪಾವಳಿ ಕಳೆದ ಮೇಲೆ ಅವರು ಕುರಿ ಹೊಡೆದುಕೊಂಡು ಕೊಂಕಣಕ್ಕೆ ಇಳಿಯುತ್ತಾರೆ, ಮಳೆಗೆ ಮುಂಚೆ ಘಟ್ಟ ಹತ್ತುತ್ತಾರೆ. ಜನವರಿಯಲ್ಲಿ ಪುಣೆಯ ಕೋಣೆಯಲ್ಲಿ ಅವರನ್ನು ಕಾಯುವುದೇ ತಪ್ಪು. ಅದನ್ನು ಬೇರ್ಪಡಿಸಿ ಆಗಸ್ಟಿಗೆ, ಬಾರಾಮತಿ ಕಡೆಯ ಒಂದು ಬಯಲಿಗೆ ಒಯ್ಯುತ್ತಿದ್ದೇವೆ. ಇಂಗಿತ ಪತ್ರ ಇಲ್ಲ, ಧ್ವನಿ ಮಾತ್ರ, ಜೂನ್ ಕೊನೆಯೊಳಗೆ. ಊಟಕ್ಕೆ ತಲಾ ₹120 ಹಿಡಿದಿದ್ದೇವೆ, ಶಾಮಿಯಾನದ ದರ ಇನ್ನೂ ಕುದುರಿಲ್ಲ.