ಡೇವ್ ಆಲನ್ ಅವರ ಹಾಸ್ಯವನ್ನು ನೋಡಬೇಕಾದ ಬಗೆ

ಐರ್ಲೆಂಡಿನ ಹಾಸ್ಯಗಾರ ಡೇವ್ ಆಲನ್ ಅವರನ್ನು ಮೊದಲ ಬಾರಿಗೆ ನೋಡಹೊರಟವರು ಅವರ ಕಿರುಪ್ರಹಸನಗಳನ್ನು ಸದ್ಯಕ್ಕೆ ಬದಿಗಿಟ್ಟು, ಎತ್ತರದ ಸ್ಟೂಲಿನ ಮೇಲೆ ಒಬ್ಬರೇ ಕುಳಿತು, ಸಿಗರೇಟು ಹಿಡಿದು, ಪಕ್ಕದಲ್ಲೊಂದು ಗ್ಲಾಸು ಇಟ್ಟುಕೊಂಡು ಅವರು ಕಥೆ ಹೇಳುವ ಭಾಗಗಳಿಂದಲೇ ಆರಂಭಿಸಬೇಕು. 1971ರಿಂದ 1979ರವರೆಗೆ ಬಿಬಿಸಿ ಪ್ರಸಾರ ಮಾಡಿದ ‘ಡೇವ್ ಆಲನ್ ಅಟ್ ಲಾರ್ಜ್’ ಇದಕ್ಕೆ ತಕ್ಕುದು.

ಒಂದು ಕಥೆಯನ್ನು ಎರಡು ಸಲ ನೋಡಿ. ಮೊದಲ ಸಲ ಸುಮ್ಮನೆ ನಕ್ಕುಬಿಡಿ. ಎರಡನೆಯ ಸಲ, ನಗು ಸಿಡಿಯುವುದಕ್ಕೆ ತುಸು ಮೊದಲು ವಿಡಿಯೊ ನಿಲ್ಲಿಸಿ, ಅಲ್ಲಿಯವರೆಗೆ ಅವರು ಏನೇನು ಹೇಳಿದ್ದಾರೆ, ಯಾವುದನ್ನು ಬಚ್ಚಿಟ್ಟಿದ್ದಾರೆ ಎಂಬುದನ್ನು ಬರೆದುಕೊಳ್ಳಿ. ಬಟ್ಟೆಯ ಮೇಲಿನ ಧೂಳು ಕೊಡವುವುದು, ಗ್ಲಾಸಿನಿಂದ ಒಂದು ಗುಟುಕು ಹೀರುವುದು, ಇವೆಲ್ಲ ಕೇಳುಗರನ್ನು ಕಾಯಿಸುವ ಉಪಾಯಗಳೆಂಬುದು ಆಗ ತಿಳಿಯುತ್ತದೆ. ತುದಿಯಿಲ್ಲದ ಎಡಗೈ ತೋರುಬೆರಳನ್ನೂ ಗಮನಿಸಿ. ಅದು ತುಂಡಾದ ಬಗೆಗೆ ಅವರು ಒಮ್ಮೆ ಹೇಳಿದ ಕಥೆಯನ್ನು ಇನ್ನೊಮ್ಮೆ ಹೇಳುತ್ತಿರಲಿಲ್ಲ.

ಇಷ್ಟಾದ ಮೇಲೆ ಅವರ ಬದುಕಿನತ್ತ ತಿರುಗಿ. 1936ರ ಜುಲೈ 6ರಂದು ಡಬ್ಲಿನ್ ಜಿಲ್ಲೆಯಲ್ಲಿ ಹುಟ್ಟಿದಾಗ ಅವರ ಹೆಸರು ಡೇವಿಡ್ ಟೈನನ್ ಓ’ಮಹೋನಿ. ‘ದಿ ಐರಿಷ್ ಟೈಮ್ಸ್’ ಪತ್ರಿಕೆಯಲ್ಲಿ ಹಿರಿಯ ಹುದ್ದೆಯಲ್ಲಿದ್ದ ತಂದೆ ಮಗನಿಗೆ ಹನ್ನೆರಡು ವರ್ಷವಾದಾಗ ತೀರಿಕೊಂಡರು. ಮುಂದೆ ಪತ್ರಿಕಾ ಕಚೇರಿಯ ಕೆಲಸ, ಇಂಗ್ಲೆಂಡಿನ ಬಟ್ಲಿನ್ಸ್ ರಜಾಶಿಬಿರದಲ್ಲಿ ರಂಜನೆಯ ಕೆಲಸ, ಇಂಗ್ಲಿಷರ ನಾಲಿಗೆಗೆ ಸುಲಭವಾದ ಹೊಸ ಹೆಸರು. 1963ರಲ್ಲಿ ಆಸ್ಟ್ರೇಲಿಯದಲ್ಲಿ ಸ್ವಂತ ಟೆಲಿವಿಷನ್ ಕಾರ್ಯಕ್ರಮ ನಡೆಸಿಕೊಟ್ಟ ಅನುಭವವೇ ಕ್ಯಾಮೆರಾದ ಮುಂದಿನ ಅವರ ನಿರಾಳತೆಯನ್ನು ಗಟ್ಟಿಗೊಳಿಸಿತೆಂದು ನನ್ನ ನಂಬಿಕೆ.

ಚರ್ಚನ್ನು ಕುರಿತ ಹಾಸ್ಯಕ್ಕೆ ಬರುವಾಗ ಅವಸರ ಬೇಡ. ಕ್ಯಾಥೊಲಿಕ್ ಶಾಲೆಗಳಲ್ಲಿ ಬೆಳೆದ ಅವರು ಪಾದ್ರಿಗಳನ್ನೂ ಪೋಪರನ್ನೂ ನಗೆಗೆ ಗುರಿಮಾಡಿದಾಗ ಅನೇಕರು ನೊಂದರು. ಆದರೆ ಪ್ರತಿ ಕಥೆಯಲ್ಲೂ ಪೆಟ್ಟು ಬೀಳುವುದು ಯಾರಿಗೆ ಎಂದು ಕೇಳಿಕೊಂಡರೆ, ಹೆಚ್ಚಿನ ಸಲ ಅದು ಅಧಿಕಾರದಿಂದ ಹೆದರಿಸುವವರಿಗೇ ಬೀಳುತ್ತದೆ, ಭಕ್ತರಿಗಲ್ಲ. ಸ್ವತಃ ನಾಸ್ತಿಕರಾದರೂ ಅವರು ವೀಕ್ಷಕರನ್ನು ಬೀಳ್ಕೊಡುತ್ತಿದ್ದದ್ದು ನಿಮ್ಮ ದೇವರು ನಿಮ್ಮ ಜೊತೆಗಿರಲಿ ಎಂಬ ಹಾರೈಕೆಯಿಂದ. ಅಲ್ಲಿನ ‘ನಿಮ್ಮ’ ಎಂಬ ಪದಕ್ಕೆ ಕಿವಿಗೊಡಿ.

ಗಡಿಯಾರದ ಕಥೆಯನ್ನು ಕೊನೆಗೆ ಉಳಿಸಿಕೊಳ್ಳಿ. ಜೀವನವಿಡೀ ಗಡಿಯಾರ ನೋಡಿಕೊಂಡು ಎದ್ದು, ಉಂಡು, ದುಡಿದವನಿಗೆ ನಿವೃತ್ತಿಯ ದಿನ ಉಡುಗೊರೆಯಾಗಿ ಸಿಗುವುದೂ ಒಂದು ಗಡಿಯಾರವೇ. 1990ರಲ್ಲಿ ಇದನ್ನು ಹೇಳುವಾಗ ಅವರು ಬಳಸಿದ ಒಂದು ಬೈಗುಳ ಬ್ರಿಟಿಷ್ ಸಂಸತ್ತಿನವರೆಗೂ ಹೋಯಿತು. ಆ ಪದವನ್ನು ತೆಗೆದು ಒಮ್ಮೆ ನೀವೇ ಕಥೆ ಹೇಳಿ ನೋಡಿ. ದುಡಿದು ಸವೆದವನ ಸಿಟ್ಟೂ ಅದರೊಡನೆ ಹೊರಟುಹೋಗುತ್ತದೆ.