ಕಿಂಡಿಯಿಂದ ಕಂಡ ಸಿನಿಮಾ, ಸೋಫಾದಿಂದ ಕಂಡ ಸಿನಿಮಾ

ಜುಲೈ ತಿಂಗಳಲ್ಲಿ ನಮ್ಮ ಶಿರಸಿಯ ಥಿಯೇಟರಿನಲ್ಲಿ ಸಿನಿಮಾದ ಮಾತೇ ಕೇಳುತ್ತಿರಲಿಲ್ಲ. ತಗಡಿನ ಮಾಡು, ಮೇಲೆ ಮಲೆನಾಡಿನ ಮಳೆ. ವಾಲ್ಯೂಮ್ ಎಷ್ಟು ಏರಿಸಿದರೂ ನಾಯಕಿಯ ಅಳು, ವಿಲನ್ನಿನ ನಗು ಎರಡೂ ಒಂದೇ ಥರ. ಆದರೂ ಕೆಲವು ಸಿನಿಮಾಗಳಿಗೆ ಜನ ಎದ್ದು ಹೋಗುತ್ತಿರಲಿಲ್ಲ. ಇನ್ನು ಕೆಲವಕ್ಕೆ ಇಂಟರ್ವಲ್ ಹೊತ್ತಿಗೆ ಪರದೆಯ ಹತ್ತಿರದ ಅಗ್ಗದ ಸೀಟು, ಗಾಂಧಿ ಕ್ಲಾಸ್, ಅರ್ಧ ಖಾಲಿ. ಇದನ್ನು ನಾನು ಕ್ಯಾಬಿನ್ನಿನ ಕಿಂಡಿಯಿಂದ ನೋಡುತ್ತಿದ್ದೆ. ಪ್ರೊಜೆಕ್ಟರ್ ಓಡಿಸುವ ಆಪರೇಟರ್ ಆದವನಿಗೆ ಪರದೆಗಿಂತ ಜನರ ತಲೆಗಳೇ ಜಾಸ್ತಿ ಕಾಣುವುದು, ಅಲ್ವಾ.

ನಾನು ಈ ಕೆಲಸಕ್ಕೆ ಬಿದ್ದಿದ್ದು ಮಾರಿಕಾಂಬಾ ಜಾತ್ರೆಯಲ್ಲಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಬಿಡ್ಕಿ ಬೈಲಿನಲ್ಲಿ ದೇವಿ ಗದ್ದುಗೆಯ ಮೇಲೆ ಕೂತರೆ ಊರಿಡೀ ನಾಟಕ, ಸರ್ಕಸ್ಸು, ಸಿನಿಮಾ ಡೇರೆ. ಅಂಥ ಒಂದು ಡೇರೆಯಲ್ಲಿ ರೀಲು ಸುತ್ತುವ ಹುಡುಗನಾಗಿ ಸೇರಿದೆ. ಆಮೇಲೆ ಊರಿನ ಥಿಯೇಟರಿಗೆ ಬಂದು 29 ವರ್ಷ ಅಲ್ಲೇ ಕಳೆದೆ. ಈಗ ಕುಮಟಾದಲ್ಲಿ ಮಗಳ ಮನೆಯಲ್ಲಿದ್ದೇನೆ.

ಜಗಳ ಶುರುವಾಗಿದ್ದು ಮೊಮ್ಮಗನಿಂದ. ಇಂಜಿನಿಯರಿಂಗ್ ಓದುತ್ತಿದ್ದಾನೆ. ಒಂದು ದಿನ ಮೊಬೈಲಿನಲ್ಲಿ ಯಾವುದೋ ಹಳೇ ಸಿನಿಮಾ ನೋಡುತ್ತಿದ್ದ. ಧ್ವನಿ ವಿಚಿತ್ರವಾಗಿ ಕೇಳಿತು. ಎಲ್ಲರೂ ಬಸ್ಸು ತಪ್ಪಿಸಿಕೊಂಡವರ ಹಾಗೆ ಮಾತಾಡುತ್ತಿದ್ದರು. ಏನಾಗಿದೆ ಅದಕ್ಕೆ ಅಂತ ಕೇಳಿದೆ.

"ಏನೂ ಆಗ್ಲಿಲ್ಲ ಅಜ್ಜಾ, 1.5 ಸ್ಪೀಡಲ್ಲಿ ಇಟ್ಟಿದ್ದೇನೆ. ನಿನ್ನ ಕಾಲದ ಹೀರೋ ಬಾಗಿಲು ತೆಗೆದು ಒಳಗೆ ಬರ್ಲಿಕ್ಕೇ ಒಂದು ನಿಮಿಷ ಬೇಕಲ್ಲ."

ನನಗೆ ಸಿಟ್ಟು ಬಂತು. ಸೆಕೆಂಡಿಗೆ 24 ಚೌಕಟ್ಟು, ನಿಮಿಷಕ್ಕೆ 90 ಅಡಿ ಫಿಲ್ಮು. ಅದರಿಂದಲೇ ಅನ್ನ ತಿಂದವನು ನಾನು. ಇವನು ಅದನ್ನು ಒಂದು ಬೆರಳಿನಲ್ಲಿ ಓಡಿಸುತ್ತಾನೆ. ಆದರೆ ಸಿಟ್ಟಿನಲ್ಲಿ "ಹಳೇದೇ ಚೆಂದ" ಅಂದುಬಿಟ್ಟರೆ ಅದು ಮುದುಕರ ಮಾತಾಗುತ್ತದೆ. ಹಾಗಾಗಿ ಪಂದ್ಯ ಕಟ್ಟಿದೆವು. ಐದು ಭಾನುವಾರ. ಪ್ರತಿ ಭಾನುವಾರ ನಾನು ಆರಿಸಿದ ಒಂದು ಹಳೆಯದು, ಅವನು ಆರಿಸಿದ ಒಂದು ಹೊಸದು. ಒಂದೇ ಟಿವಿ, ಮೊಬೈಲ್ ಅಡುಗೆಮನೆಯಲ್ಲಿ, ಇಂಟರ್ವಲ್ ಬಿಟ್ಟು ಬೇರೆಲ್ಲೂ ನಿಲ್ಲಿಸುವ ಹಾಗಿಲ್ಲ. ಸ್ಪೀಡು ಒಂದೇ.

ಮೊದಲ ವಾರ ಮಾಡಿದ್ದು ಲೆಕ್ಕ. ಶಿರಸಿಯಿಂದ ತಂದ ಅಡಿಕೆ ಇನ್ನೂರು ಎಣಿಸಿ ಒಂದು ಬುಟ್ಟಿಗೆ ಹಾಕಿದೆ. ಸಿನಿಮಾ ಶುರುವಾದ ಮೇಲೆ ದೃಶ್ಯ ಒಮ್ಮೆ ಕಟ್ ಆದರೆ ಒಂದು ಅಡಿಕೆ ಆ ಬುಟ್ಟಿಯಿಂದ ಈ ಬುಟ್ಟಿಗೆ. ಮೊದಲ ಹತ್ತು ನಿಮಿಷ ಮಾತ್ರ. ಹಳೆಯದರಲ್ಲಿ ಐವತ್ತು ಚಿಲ್ಲರೆ ಅಡಿಕೆ ಆಚೆ ಹೋಯಿತು, ನಡುವೆ ಎಲೆಯಡಿಕೆಯ ಒಂದು ಕವಳ ಹಾಕಿಕೊಳ್ಳಲೂ ಸಮಯ ಸಿಕ್ಕಿತು. ಹೊಸದರಲ್ಲಿ ಎಂಟನೇ ನಿಮಿಷಕ್ಕೆ ಬುಟ್ಟಿ ಖಾಲಿ. ಕೈ ನೋವು ಬೇರೆ. ಇದು ಎರಡೇ ಸಿನಿಮಾದ ಲೆಕ್ಕ, ಇದರ ಮೇಲೆ ಶಾಸ್ತ್ರ ಕಟ್ಟಬೇಡಿ. ಆದರೆ ಆಮೇಲೆ ಕಣ್ಣಿಗೆ ಬಿದ್ದಷ್ಟೂ ಅಂದಾಜಿಗೆ ಹೀಗೇ ಇತ್ತು.

ಮೊಮ್ಮಗ ಗೆದ್ದೆ ಅಂದ. ಕಾರಣ ಹೇಳಿದ ಮೇಲೆ ಸ್ವಲ್ಪ ಸುಮ್ಮನಾದ.

ಆಗ ಕ್ಯಾಮೆರಾ ಒಳಗೆ ಓಡುತ್ತಿದ್ದದ್ದು ದುಡ್ಡು ಕೊಟ್ಟು ತಂದ ಫಿಲ್ಮು. ಕ್ಯಾಮೆರಾ ಚಾಲೂ ಆದರೆ ಅಡಿಗೆ ಇಷ್ಟು ಅಂತ ನಿರ್ಮಾಪಕನ ಎದೆ ಬಡಿದುಕೊಳ್ಳುತ್ತಿತ್ತು. ಅದಕ್ಕೇ ಮೊದಲು ತಾಲೀಮು, ಆಮೇಲೆ ಟೇಕ್. ಒಂದೇ ಶಾಟಿನಲ್ಲಿ ನಾಲ್ಕು ಜನ ಬಂದು ಮಾತಾಡಿ ಹೋಗಬೇಕು. ಎಡಿಟರ್ ಆದವನು ಫಿಲ್ಮನ್ನು ಕೈಯಲ್ಲೇ ಕತ್ತರಿಸಿ ಅಂಟಿಸಬೇಕು. ಈಗ ಕ್ಯಾಮೆರಾದಲ್ಲಿ ಕಾರ್ಡು. ಮೂರು ನಾಲ್ಕು ಕಡೆಯಿಂದ ಒಂದೇ ಸಲ ತೆಗೆಯಬಹುದು, ಕತ್ತರಿಸುವುದು ಕಂಪ್ಯೂಟರಿನಲ್ಲಿ, ಬೇಡವಾದರೆ ಮತ್ತೆ ಜೋಡಿಸಬಹುದು. ಹಳಬರಿಗೆ ತಾಳ್ಮೆ ಜಾಸ್ತಿ ಇತ್ತು ಅನ್ನುವುದು ಅರ್ಧ ಸುಳ್ಳು. ಅವರಿಗೆ ಬೇರೆ ದಾರಿ ಇರಲಿಲ್ಲ. ಆದರೆ ದಾರಿ ಇಲ್ಲದ್ದರಿಂದಲೇ ಒಂದು ಒಳ್ಳೆಯದಾಯಿತು. ಶಾಟು ಉದ್ದ ನಿಂತಾಗ ನೋಡುವವನ ಕಣ್ಣು ಪರದೆಯ ಮೇಲೆ ಅಡ್ಡಾಡುತ್ತದೆ. ಮೂಲೆಯಲ್ಲಿ ಅಜ್ಜಿ ಅಕ್ಕಿ ಆರಿಸುತ್ತಿರುತ್ತಾಳೆ, ಅದನ್ನು ನಾವೇ ಹುಡುಕಿಕೊಳ್ಳುತ್ತೇವೆ. ಹೊಸದರಲ್ಲಿ ಅಜ್ಜಿಯನ್ನು ನೋಡಬೇಕು ಅಂತಿದ್ದರೆ ಅವರೇ ಹತ್ತಿರದಿಂದ ತೋರಿಸುತ್ತಾರೆ. ನಮಗೆ ಹುಡುಕುವ ಕೆಲಸವೇ ಇಲ್ಲ.

ಎರಡನೇ ವಾರ ನಾನು ತಗಡಿನ ಮಾಡಿನ ಪರೀಕ್ಷೆ ಇಟ್ಟೆ. ಇಲ್ಲಿ ಆರ್‌ಸಿಸಿ ಮನೆ, ಮಳೆಯ ಸದ್ದು ಸಾಲದು. ಅದಕ್ಕೆ ಟಿವಿ ಮ್ಯೂಟ್ ಮಾಡಿದೆ. ಇಪ್ಪತ್ತು ನಿಮಿಷ. ಅಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ಎರಡು ಸಾವಿರ ಅಡಿಯ ಒಂದು ಸ್ಪೂಲು.

ಇದರಲ್ಲಿ ಹಳೆಯದು ಗೆಲ್ಲುತ್ತದೆ ಅಂತ ನಾನು ನಂಬಿದ್ದೆ. ಸೋತೆ. ನನ್ನ ಮೊದಲ ಆಯ್ಕೆಯಲ್ಲಿ ಐದು ಜನ ಸಾಲಾಗಿ ನಿಂತು ಮಾತಾಡುತ್ತಲೇ ಇದ್ದರು, ಧ್ವನಿ ಇಲ್ಲದೆ ನೋಡಿದರೆ ಗ್ರೂಪ್ ಫೋಟೋಕ್ಕೆ ಕಾಯುತ್ತಿದ್ದಾರೋ ಅನ್ನಿಸಿತು. ಅದರಲ್ಲಿ ಆಶ್ಚರ್ಯ ಇಲ್ಲ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಮೂವರೂ ನಾಟಕ ಕಂಪನಿಯಿಂದಲೇ ಬಂದವರು. ನಾಟಕದಲ್ಲಿ ಮಾತೇ ಬಂಡವಾಳ. ನಮ್ಮ ಕಡೆಯ ಪ್ರೇಕ್ಷಕರೂ ಹಾಗೇ. ಯಕ್ಷಗಾನದಲ್ಲಿ ಅರ್ಧ ಗಂಟೆ ಅರ್ಥ ಹೇಳಿದರೂ ಕೂತು ಕೇಳುವವರು. ಅವರಿಗೆ ಸಿನಿಮಾದ ಮಾತು ಯಾವತ್ತೂ ಉದ್ದ ಅನ್ನಿಸಲೇ ಇಲ್ಲ.

ಆಮೇಲೆ 1972ರ 'ಬಂಗಾರದ ಮನುಷ್ಯ'ದ ಕೊನೆಯ ಭಾಗ ಹಾಕಿದೆ. ಸಿದ್ದಲಿಂಗಯ್ಯ ನಿರ್ದೇಶನ, ಟಿ.ಕೆ. ರಾಮರಾವ್ ಅವರ ಕಾದಂಬರಿ. ನಾನು ಆಪರೇಟರ್ ಆಗುವ ಹೊತ್ತಿಗೆ ಅದು ಮಾರ್ನಿಂಗ್ ಶೋಗೆ ಬರುವ ಹಳೇ ಸಿನಿಮಾ. ಪ್ರಿಂಟ್ ಮೇಲೆ ಗೀರೋ ಗೀರು. ಆದರೂ ನಾಯಕ ರಾಜೀವ ಮನೆ ಬಿಟ್ಟು ಹೊರಡುವಾಗ ಹಾಲಿನಲ್ಲಿ ಬೀಡಿ ಹಚ್ಚುವ ಸದ್ದೂ ನಿಲ್ಲುತ್ತಿತ್ತು. ಈಗ ಮ್ಯೂಟ್ ಆದ ಟಿವಿಯಲ್ಲಿ ಅವನು ಎದ್ದು ಹೋದ. ಮೊಮ್ಮಗ ಮಾತಾಡಲಿಲ್ಲ. ಮುಖ, ನಡಿಗೆ, ಅಷ್ಟೇ ಸಾಕಾಯಿತು.

ಅವನ ಹೊಸ ಸಿನಿಮಾ ಮ್ಯೂಟಿನಲ್ಲಿ ಹೇಗಿತ್ತು ಅಂದರೆ, ಯಾರು ಯಾರಿಗೆ ಹೊಡೆದರು ಅಂತ ಚೆನ್ನಾಗಿ ಗೊತ್ತಾಯಿತು. ಯಾಕೆ ಅಂತ ಗೊತ್ತಾಗಲಿಲ್ಲ. ಧ್ವನಿ ಕೊಟ್ಟು ನೋಡಿದರೂ ಗೊತ್ತಾಗಲಿಲ್ಲ, ಅದು ಬೇರೆ ಮಾತು.

ಮೂರನೇ ವಾರ ತಿರುವು. ಟಿವಿಗೆ ಬೆನ್ನು ಹಾಕಿ ಕೂತು ಬರೀ ಕೇಳುವುದು. ಕ್ಯಾಬಿನ್ನಿನಲ್ಲಿ ಎಷ್ಟೋ ಸಲ ನಾನು ಹೀಗೇ ಸಿನಿಮಾ ಕೇಳುತ್ತಿದ್ದೆ. ಪ್ರೊಜೆಕ್ಟರಿಗೆ ಬೆಳಕು ಕೊಡುವ ಎರಡು ಕಾರ್ಬನ್ ಕಡ್ಡಿ ಉರಿದು ಸವೆಯುತ್ತಾ ಹೋಗುತ್ತವೆ, ಎರಡರ ನಡುವಿನ ಸಂದು ಸರಿ ಮಾಡುತ್ತಲೇ ಇರಬೇಕು, ಇಲ್ಲದಿದ್ದರೆ ಪರದೆ ಮಂಕಾಗಿ ಶಿಳ್ಳೆ ಬೀಳುತ್ತದೆ. ಮುಗಿದ ರೀಲು ಸುತ್ತಬೇಕು. ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಚುಕ್ಕೆ ಬಿದ್ದರೆ ಎರಡನೇ ಪ್ರೊಜೆಕ್ಟರಿನ ಮೋಟಾರ್ ಚಾಲೂ, ಏಳೆಂಟು ಸೆಕೆಂಡ್ ಆದಮೇಲೆ ಇನ್ನೊಂದು ಚುಕ್ಕೆ, ಆಗ ಬದಲಾವಣೆ. ಚುಕ್ಕೆ ತಪ್ಪಿದರೆ ಪರದೆ ಬೆಳ್ಳಗೆ. ಇದೆಲ್ಲದರ ನಡುವೆ ಕಿವಿಯೇ ದಿಕ್ಕು. ಯಾವ ಡೈಲಾಗ್ ಆದ ಮೇಲೆ ಚುಕ್ಕೆ ಬರುತ್ತದೆ ಅಂತ ಮೂರನೇ ದಿನಕ್ಕೆ ಬಾಯಿಪಾಠ.

ಬೆನ್ನು ಹಾಕಿ ಕೇಳಿದರೆ ಹಳೆಯದರ ಒಂದು ದೋಷ ಚೆನ್ನಾಗಿ ಗೊತ್ತಾಗುತ್ತದೆ. ಎಲ್ಲರೂ ಒಂದೇ ಕೋಣೆಯಲ್ಲಿ ಮಾತಾಡುತ್ತಾರೆ. ಗದ್ದೆಯಲ್ಲಿದ್ದರೂ ಅದೇ, ಗುಡ್ಡದ ಮೇಲಿದ್ದರೂ ಅದೇ. ಮಾತೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಡಬ್ ಮಾಡಿದ್ದು. ಭಾಷೆಯೂ ಒಂದೇ. ಹೊಲ ಉಳುವವನೂ ಪಾಠ ಹೇಳುವ ಮೇಷ್ಟ್ರ ಹಾಗೆ ಮಾತಾಡುತ್ತಾನೆ. ನಮ್ಮ ಕಡೆಯವರಿಗೆ ಅದು ಪರದೆಯ ಭಾಷೆ, ಮನೆಯದ್ದಲ್ಲ. ನಮ್ಮ ಹವ್ಯಕ ಮಾತಿನ ಭಟ್ಟರು ಬಂದರೆ ನಗಿಸಿ ಹೋಗಲಿಕ್ಕೆ ಮಾತ್ರ.

ಇಲ್ಲಿ ಹೊಸದಕ್ಕೇ ನನ್ನ ಮತ. 2022ರಲ್ಲಿ 'ಕಾಂತಾರ' ಬಂದಾಗ ಮಗಳ ಮನೆಯವರ ಜೊತೆ ಥಿಯೇಟರಿಗೆ ಹೋಗಿದ್ದೆ. ಕರಾವಳಿಯ ಮಾತು, ಅದೂ ನಗಿಸಲಿಕ್ಕಲ್ಲ, ಕತೆಯೇ ಆ ಮಾತಿನಲ್ಲಿ. ಕೊನೆಯ ಭಾಗದಲ್ಲಿ ದೈವ ಮೈಮೇಲೆ ಬಂದಾಗ ನಾನು ಹಳೇ ಚಟದಿಂದ ಪರದೆ ಬಿಟ್ಟು ತಿರುಗಿ ಜನರನ್ನು ನೋಡಿದೆ. ಹಿಂದಿನ ಸೀಟಿನವನು "ಏನು ನೋಡ್ತೀರಿ ಅಜ್ಜಾ, ಮುಂದೆ ನೋಡಿ" ಅಂದ. ಆದರೆ ನಾನು ನೋಡಬೇಕಾದ್ದು ನೋಡಿಯಾಗಿತ್ತು. ಒಬ್ಬರ ಕೈಯಲ್ಲೂ ಮೊಬೈಲಿನ ಬೆಳಕಿರಲಿಲ್ಲ. ತಗಡಿನ ಮಾಡಿನ ಕೆಳಗೆ ಕಂಡ ತಲೆಗಳೇ ಅವು.

ಮಳೆಯ ವಿಷಯ ಒಂದು ಹೇಳಿಬಿಡುತ್ತೇನೆ. ಹಳೇ ಸಿನಿಮಾದ ಮಳೆ ಕಂಡರೆ ಶಿರಸಿಯವರು ನಗುತ್ತಿದ್ದರು. ನಾಯಕ ನಾಯಕಿ ನಿಂತಲ್ಲಿ ಮಾತ್ರ ಪೈಪಿನ ಮಳೆ, ಹಿಂದಿನ ಮರದ ಮೇಲೆ ಎಳೆ ಬಿಸಿಲು. ಹಾಡು ಬೇರೆ. ನಮ್ಮ ಮಳೆಯಲ್ಲಿ ಯಾರೂ ಹಾಡುವುದಿಲ್ಲ, ಕಂಬಳಿಕೊಪ್ಪೆ ಹುಡುಕುತ್ತಾರೆ. ಹೊಸ ಸಿನಿಮಾಗಳು ಇದನ್ನು ಸರಿ ಮಾಡಿವೆ. ಕೆಸರು ನಿಜವಾದ ಕೆಸರಿನ ಹಾಗೇ ಕಾಣುತ್ತದೆ.

ಹಳೇ ಸಿನಿಮಾ ಅಂತ ಈಗ ನಾವು ನೆನಪು ಮಾಡಿಕೊಳ್ಳುವುದು ನೂರರಲ್ಲಿ ಹತ್ತನ್ನು. ಉಳಿದ ತೊಂಬತ್ತನ್ನು ನಾನು ದಿನಕ್ಕೆ ಮೂರು ಸಲ ಓಡಿಸಿದ್ದೇನೆ, ನನ್ನನ್ನು ಕೇಳಿ. ಶುಕ್ರವಾರ ಬಂದು ಬುಧವಾರಕ್ಕೇ ಗಂಟು ಮೂಟೆ ಕಟ್ಟಿದವು ಎಷ್ಟೋ. ಮತ್ತೆ ಆ ಹತ್ತನ್ನೂ ನಮ್ಮ ಊರಿನವರು ಸರಿಯಾಗಿ ನೋಡಿದ್ದಾರಾ? ಹುಬ್ಬಳ್ಳಿಯಿಂದ ಬಸ್ಸಿನ ಟಾಪಿನ ಮೇಲೆ ರೀಲಿನ ಡಬ್ಬಾ ಬರುವಷ್ಟರಲ್ಲಿ ಆ ಪ್ರಿಂಟ್ ಹತ್ತಾರು ಊರು ಸುತ್ತಿರುತ್ತಿತ್ತು. ಹರಿದಲ್ಲೆಲ್ಲ ಒಬ್ಬೊಬ್ಬ ಆಪರೇಟರ್ ನಾಲ್ಕು ಚೌಕಟ್ಟು ಕತ್ತರಿಸಿ ಅಂಟಿಸಿರುತ್ತಿದ್ದ. ನಾಯಕ "ನಾನು ನಿನ್ನ..." ಅಂದರೆ ಮುಂದಿನ ಕ್ಷಣ ಮದುವೆ ಮಂಟಪ.

ನಾನೂ ಸಾಚಾ ಅಲ್ಲ. ಮಳೆಗಾಲದ ಸೆಕೆಂಡ್ ಶೋನಲ್ಲಿ ಒಂದು ಹಾಡು ಹಾರಿಸುತ್ತಿದ್ದೆ. ದೂರದ ಹಳ್ಳಿಯವರು ಟೆಂಪೋ ಹಿಡಿಯಬೇಕು, ನನಗೂ ಮನೆ ಸೇರಬೇಕು. ಯಾರೂ ಕೇಳುತ್ತಿರಲಿಲ್ಲ. ಮೊಮ್ಮಗನಿಗೆ ಇದನ್ನು ಹೇಳಬಾರದಿತ್ತು. "ಹಾಗಾದ್ರೆ ನೀನೂ 1.5 ಮಾಡ್ತಿದ್ದೆ" ಅಂದ. ಉತ್ತರ ಹೊಳೆಯಲಿಲ್ಲ.

ಇನ್ನೊಂದು ಸಲದ ಅವಮಾನ. ಕನ್ನಡದಲ್ಲಿ ಅಗಲ ಪರದೆಯ ಸಿನಿಮಾಸ್ಕೋಪ್ ಶುರುವಾಗಿದ್ದು 1977ರ 'ಸೊಸೆ ತಂದ ಸೌಭಾಗ್ಯ'ದಿಂದ. ನಾನು ಕೆಲಸಕ್ಕೆ ಬರುವಷ್ಟರಲ್ಲಿ ನಮ್ಮಲ್ಲೂ ಚಿತ್ರವನ್ನು ಅಗಲಕ್ಕೆ ಹಿಗ್ಗಿಸುವ ಸ್ಕೋಪ್ ಲೆನ್ಸ್ ಇತ್ತು. ಜಾಹೀರಾತಿಗೆ ಒಂದು ಲೆನ್ಸು, ಸಿನಿಮಾಕ್ಕೆ ಇನ್ನೊಂದು. ಒಂದು ದಿನ ಬದಲಿಸಲು ಮರೆತೆ. ದಪ್ಪ ಖಳನಾಯಕ ಅಡಿಕೆ ಮರದ ಹಾಗೆ ಸಪೂರ ಉದ್ದವಾಗಿ ಬಂದ. ಮಾಲೀಕರು ಕ್ಯಾಬಿನ್ನಿಗೇ ಹತ್ತಿ ಬಂದು ಬೈದರು. ಈಗಿನ ಆಪರೇಟರಿಗೆ ಇಂಥ ಭಯ ಇಲ್ಲ. ಸಿನಿಮಾ ಉಪಗ್ರಹದಿಂದಲೋ ಹಾರ್ಡ್ ಡಿಸ್ಕಿನಲ್ಲೋ ಬರುತ್ತದೆ, ಬೆಂಗಳೂರಿನಲ್ಲಿ ಕಂಡ ಬಣ್ಣವೇ ಇಲ್ಲೂ, ಅದೇ ಶುಕ್ರವಾರ. ಇದಕ್ಕೆ ಹೊಟ್ಟೆಕಿಚ್ಚು ಪಡಬಹುದು, ಬೈಯುವ ಹಾಗಿಲ್ಲ.

ನಾಲ್ಕನೇ ವಾರ ನಾನು ಟಿವಿ ನೋಡಲೇ ಇಲ್ಲ. ಮೊಮ್ಮಗನನ್ನೂ ಅವನ ಇಬ್ಬರು ಗೆಳೆಯರನ್ನೂ ಕೂರಿಸಿ, ಅಡುಗೆಮನೆಯ ಬಾಗಿಲಿನಿಂದ ಅವರ ತಲೆ ನೋಡಿದೆ. ಹೊಸ ಸಿನಿಮಾಕ್ಕೆ ಮೊದಲ ಇಪ್ಪತ್ತು ನಿಮಿಷ ಕಣ್ಣು ಕೀಳಲಿಲ್ಲ. ಆಮೇಲೆ ಸದ್ದು ಜಾಸ್ತಿ ಆದ ಹಾಗೆಲ್ಲ ಅವರು ಕಮ್ಮಿಯಾದರು, ಒಬ್ಬ ಕಾಲಿನ ಉಗುರು ನೋಡಿಕೊಂಡ. ಹಳೆಯದಕ್ಕೆ ಉಲ್ಟಾ. ಮೊದಲ ಅರ್ಧ ಗಂಟೆ ಆಕಳಿಕೆ, ಮೊಬೈಲ್ ಕೊಡು ಅಂತ ಗೋಗರೆತ. ಆಮೇಲೆ ಅಣ್ಣತಮ್ಮಂದಿರ ಪಾಲಿನ ಜಗಳ ಬಂತು. ಕಡಲೆಕಾಯಿಯ ತಟ್ಟೆಗೆ ಹೋದ ಕೈ ಅಲ್ಲೇ ನಿಂತಿತು. ಆ ಪಾತ್ರಗಳ ಜೊತೆ ಅವರು ಅಷ್ಟು ಹೊತ್ತು ಸುಮ್ನೆ ಕೂತಿದ್ದರಲ್ಲ, ಅದರ ಬಡ್ಡಿ ಅಲ್ಲಿ ಸಿಕ್ಕಿತು ಅಂತ ನನ್ನ ಲೆಕ್ಕ. ಹೊಸ ಸಿನಿಮಾದವರಿಗೆ ಆ ಮೊದಲ ಅರ್ಧ ಗಂಟೆಯ ಆಕಳಿಕೆ ಕಂಡರೆ ಹೆದರಿಕೆ. ಹೆದರದೇ ಇರಲಿಕ್ಕೆ ಆಗುವುದೂ ಇಲ್ಲ. ನಮ್ಮ ಕಾಲದಲ್ಲಿ ಟಿಕೆಟ್ ತೆಗೆದವನು ಮಳೆಗೆ ಹೆದರಿಯಾದರೂ ಒಳಗೇ ಕೂರುತ್ತಿದ್ದ. ಇವನ ಕೈಯಲ್ಲಿ ರಿಮೋಟ್ ಇದೆ.

ಐದನೇ ಭಾನುವಾರ ಜೋರು ಮಳೆ. ನನ್ನ ಸಿನಿಮಾ ಅರ್ಧಕ್ಕೆ ಬಂದಿತ್ತು, ಕರೆಂಟ್ ಹೋಯಿತು. ಇನ್ವರ್ಟರ್ ಲೈಟಿಗೆ ಮಾತ್ರ. ಮೊಮ್ಮಗ ಸ್ವಲ್ಪ ಹೊತ್ತು ಕಿಟಕಿ ನೋಡಿದ. ಆಮೇಲೆ ಕೇಳಿದ, "ಅಜ್ಜಾ, ಆ ತಂಗಿ ವಾಪಸ್ ಬರ್ತಾಳಾ?"

ನಾನು ಕಾಲು ಚಾಚಿ, ಕವಳ ಹಾಕಿಕೊಂಡು, ಶುರುವಿನಿಂದ ಹೇಳತೊಡಗಿದೆ.

"ಶುರುವಿಂದ ಬೇಡ ಮಾರಾಯಾ, ಮುಂದಿಂದ ಹೇಳು. 1.5ರಲ್ಲಿ."

ನಾನು ಒಂದರಲ್ಲೇ ಹೇಳಿದೆ. ಕರೆಂಟ್ ಬಂದಿದ್ದು ರಾತ್ರಿ ಹನ್ನೊಂದಕ್ಕೆ.