ಖುಷಿಗೆ ಬಿಡಿಸಿದ್ದಕ್ಕೆ ಎಷ್ಟು ಬಿಗಿ, ಗಿರಾಕಿಯದ್ದಕ್ಕೆ ಎಷ್ಟು?

ಕಾಸರಗೋಡಿನ ಕಡೆ ಡಿಜಿಟಲ್ ಚಿತ್ರ ಬಿಡಿಸುವ ನನ್ನಂಥವರಲ್ಲಿ ಹೆಚ್ಚಿನವರು ಎರಡೂ ಕಡೆಯವರು. ಯಕ್ಷಗಾನದ ಪೋಸ್ಟರು, ಜಾತ್ರೆಯ ಫ್ಲೆಕ್ಸು ದುಡ್ಡಿಗೆ; ಉಳಿದದ್ದು ಖುಷಿಗೆ. ಖುಷಿಯ ಸ್ಕೆಚ್ಚನ್ನು ಪ್ರೆಸ್ಸಿಗೆ ಕೊಡುವ ಫೈಲಿನಷ್ಟು ತಿದ್ದುತ್ತಾ ಕೂತರೆ ಅದು ಕಂಪ್ಯೂಟರಿನಿಂದ ಹೊರಗೇ ಬರುವುದಿಲ್ಲ. ಸ್ಕೆಚ್ಚಿನ ಸಡಿಲದಲ್ಲೇ ಪೋಸ್ಟರು ಕೊಟ್ಟರೆ ಗಿರಾಕಿಯ ದುಡ್ಡು ನೀರುಪಾಲು.

ಖುಷಿಯದ್ದಕ್ಕೆ ನನ್ನ ಕ್ಯಾನ್ವಾಸ್ 2160×2700 ಪಿಕ್ಸೆಲ್, ಬಣ್ಣ ಪರದೆಗೆ ಹೊಂದುವ ಎಸ್‌ಆರ್‌ಜಿಬಿ. ಜಾಲತಾಣಕ್ಕೆ ಹಾಕುವಾಗ ಅರ್ಧಕ್ಕಿಳಿಸಿ 1080×1350 ಮಾಡುತ್ತೇನೆ. ಸಣ್ಣ ನಡುಕಗಳೆಲ್ಲ ಅಲ್ಲೇ ಮುಚ್ಚಿಹೋಗುತ್ತವೆ. ಹಿನ್ನೆಲೆ ಅರೆಬರೆಯಾದರೂ ಸರಿ, ಗೆರೆ ಗೆರೆಯ ಮೇಲೆ ಹತ್ತಿದರೂ ಸರಿ. ಚಿತ್ರ ಬಿಡಿಸುವ ತಂತ್ರಾಂಶ ಕ್ರಿಟಾದಲ್ಲಿ ಎಮ್ ಕೀ ಒತ್ತಿ ಚಿತ್ರವನ್ನು ಒಮ್ಮೆ ಕನ್ನಡಿಯಂತೆ ತಿರುಗಿಸಿ ನೋಡುತ್ತೇನೆ. ಓರೆಯಾದ ಕಿರೀಟ, ಮೇಲೆ ಕೆಳಗಾದ ಕಣ್ಣು ತಕ್ಷಣ ಸಿಕ್ಕಿಬೀಳುತ್ತವೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿಯೇ. ಫೋಟೋ ಆಗಿ ಕಳಿಸಿದರೆ ಚಿತ್ರವನ್ನು ಕುಗ್ಗಿಸುವ ಜೆಪೆಗ್ ಬೆಳಕಿನ ವಿವರ ಉಳಿಸಿ ಬಣ್ಣದ ವಿವರ ಕಡಿಯುತ್ತದೆ, ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ವೇಷದ ಕೆಂಪು-ಕಪ್ಪು ಅಂಚುಗಳು ಕದಡಿಹೋಗುತ್ತವೆ.

ಪೋಸ್ಟರಿನ ಲೆಕ್ಕವೇ ಬೇರೆ. ಎ3 ಅಳತೆಗೆ 300 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕಿ) ಎಂದರೆ 3508×4961 ಪಿಕ್ಸೆಲ್. ಕತ್ತರಿಸುವಾಗ ಬಿಳಿ ಅಂಚು ಉಳಿಯದಂತೆ ನಾಲ್ಕೂ ಬದಿಗೆ 3 ಮಿಮೀ ಹೆಚ್ಚುವರಿ. ಪೂರ್ತಿ ತುಂಬಿದ ಒಂದೊಂದು ಲೇಯರ್ (ಒಂದರ ಮೇಲೊಂದು ಇಡುವ ಚಿತ್ರದ ಪದರ) ಸುಮಾರು 70 ಎಂಬಿ ಮೆಮೊರಿ ತಿನ್ನುತ್ತದೆ, ಹಾಗಾಗಿ ಮುಗಿದ ಲೇಯರ್‌ಗಳನ್ನು ಆಗಾಗ ಒಂದು ಮಾಡುವುದು ಒಳ್ಳೆಯದು. ದೂರದಿಂದ ನೋಡುವ 8×4 ಅಡಿ ಫ್ಲೆಕ್ಸಿಗೆ 72 ಡಿಪಿಐ, ಅಂದರೆ 6912×3456 ಸಾಕು. 300 ಕೊಟ್ಟರೆ ಅಂಗಡಿಯವನ ಯಂತ್ರ ಒದ್ದಾಡುತ್ತದೆ ಅಷ್ಟೆ. ಪರದೆಯ ಮೇಲೆ ಉರಿಯುವ ಕೆಂಪು, ಗಿಳಿಹಸಿರು ಕಾಗದದಲ್ಲಿ ಮಂಕಾಗುತ್ತವೆ. ಕ್ರಿಟಾದಲ್ಲಿ ಕಂಟ್ರೋಲ್-ವೈ ಒತ್ತಿ ಮುದ್ರಣದ ಬಣ್ಣ ಹೇಗೆ ಬಂದೀತೆಂದು ಗಿರಾಕಿಗೆ ಮೊದಲೇ ತೋರಿಸಿಬಿಡಬೇಕು.

ನಮ್ಮ ಕಡೆ ಹೆಚ್ಚು ಕಾಡುವುದು ಅಕ್ಷರ. ಒಂದೇ ಪೋಸ್ಟರಿನಲ್ಲಿ ಕನ್ನಡ, ಮಲಯಾಳಂ ಎರಡೂ ಇರುತ್ತವೆ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್ ಬಳಸಿದ್ದರೆ, ಅದಿಲ್ಲದ ಅಂಗಡಿಯಲ್ಲಿ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಯೂನಿಕೋಡ್ ಆದರೂ ಫೋಟೋಶಾಪಿನಲ್ಲಿ ಭಾರತೀಯ ಲಿಪಿಯ ಲೇಔಟ್ ಆಯ್ಕೆ ಆಗಿರದಿದ್ದರೆ ‘ಕ್ಷೇತ್ರ’ದ ಒತ್ತು ಕಳಚಿ ಪಕ್ಕದಲ್ಲಿ ಕೂರುತ್ತದೆ. ಅಕ್ಷರಗಳನ್ನು ಕೋರೆಲ್‌ಡ್ರಾನಲ್ಲಿ ಕಂಟ್ರೋಲ್-ಕ್ಯೂ ಒತ್ತಿ ಕರ್ವ್, ಅಂದರೆ ಬರೀ ಗೆರೆಯ ಆಕಾರ, ಮಾಡಿಯೇ ಕೊಡಿ. ಆಮೇಲೆ ತಿದ್ದಲಾಗದು, ಆದ್ದರಿಂದ ಅಕ್ಷರ ತಿದ್ದಬಹುದಾದ ಒಂದು ಪ್ರತಿಯನ್ನು ಬೇರೆ ಇಡಿ.

ವೇಷದ ವಿವರಕ್ಕೂ ಇದೇ ಬಿಗಿ. ತೆಂಕಿನ ಮೇಳದ ಪೋಸ್ಟರಿನ ಅರ್ಜುನನಿಗೆ ಬಡಗಿನ, ಅಂದರೆ ಉತ್ತರದ ಶೈಲಿಯ, ಮುಂಡಾಸು ಕಟ್ಟಿದರೆ ಕುಂಬಳೆ ಸೀಮೆಯಲ್ಲಿ ಯಾರೂ ಕ್ಷಮಿಸುವುದಿಲ್ಲ. ಖುಷಿಯ ಚಿತ್ರದಲ್ಲಾದರೆ ಬೇಕಾದ್ದು ಕಲಸಿ, ಕಲ್ಪನೆ ಎಂದು ಬರೆದರಾಯಿತು.

ಮೂಲದ ವಿಷಯದಲ್ಲಿ ಮಾತ್ರ ನನಗೆ ಎರಡು ಅಳತೆ ಇಲ್ಲ. ಬೇರೆಯವರು ತೆಗೆದ ವೇಷದ ಫೋಟೋದ ಮೇಲೆ ಗೆರೆ ಎಳೆದಿದ್ದರೆ, ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರದ್ದು; ಅವರ ಕಾಲಾನಂತರವೂ 60 ವರ್ಷ ಇರುತ್ತದೆ. ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ, ಕೇಳಬೇಕು. ನೋಡಿ ಕಲಿತದ್ದಾದರೆ ‘ಅಭ್ಯಾಸ’ ಎಂದು ಬರೆದು ಯಾರ ಫೋಟೋ ನೋಡಿದ್ದೆಂದು ಹೇಳುತ್ತೇನೆ.

ದುಡ್ಡು ತೆಗೆದುಕೊಂಡು ಬಿಡಿಸಿದ್ದನ್ನು ನಮ್ಮದೆಂದು ಹಾಕುವ ಮೊದಲೂ ಒಂದು ಮಾತು ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ದುಡ್ಡು ಕೊಟ್ಟು ಬರೆಸಿದ ಚಿತ್ರದ, ಭಾವಚಿತ್ರದ ಮೊದಲ ಹಕ್ಕುದಾರ ಬರೆಸಿದವನೇ. ಹಾಗಾಗಿ ಮುಂಗಡ ತೆಗೆದುಕೊಳ್ಳುವಾಗಲೇ ‘ಚಿತ್ರವನ್ನು ನನ್ನ ಕೆಲಸದ ಮಾದರಿಯಾಗಿ ತೋರಿಸುತ್ತೇನೆ, ಒಪ್ಪಿಗೆಯಾ?’ ಎಂದು ಮೆಸೇಜ್ ಹಾಕಿ ಉತ್ತರ ಉಳಿಸಿಕೊಳ್ಳುತ್ತೇನೆ. ಒಪ್ಪಿದರೂ ಪೋಸ್ಟರು ಮಾಡಿಸಿದ ಸಮಿತಿಯವರು ತಾವೇ ಪ್ರಕಟಿಸುವ ತನಕ ಹಾಕುವುದಿಲ್ಲ. ದಿನಾಂಕ ಬದಲಾದರೆ ಹಳೆಯ ಪೋಸ್ಟರೇ ಗ್ರೂಪಿನಿಂದ ಗ್ರೂಪಿಗೆ ಓಡಾಡುತ್ತಿರುತ್ತದೆ.